ಹೊಗೆಯ ಲೆಕ್ಕ, ಉಸಿರಿನ ಲೆಕ್ಕ



ವಾಯುಮಾಲಿನ್ಯ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾರ್ಖಾನೆಯ ಎತ್ತರದ ಚಿಮಣಿ. ಶಾಲೆಯ ಪಠ್ಯಪುಸ್ತಕದಲ್ಲೂ ಅದೇ ಚಿತ್ರ, ಪರಿಸರ ದಿನದ ಭಿತ್ತಿಪತ್ರದಲ್ಲೂ ಅದೇ ಚಿತ್ರ. ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಹೊಗೆ ಹೊರಡುವ ಜಾಗದ ಚಿತ್ರ. ಹೊಗೆ ಹೋಗಿ ಸೇರುವ ಜಾಗ ಅದರಲ್ಲಿ ಕಾಣುವುದಿಲ್ಲ. ಗಾಳಿ ಎಷ್ಟು ಕೆಟ್ಟಿದೆ ಎಂದು ಚಿಮಣಿಯ ಬಾಯಲ್ಲಿ ಅಳೆದರೆ ಒಂದು ಉತ್ತರ ಸಿಗುತ್ತದೆ, ಮನುಷ್ಯನ ಮೂಗಿನ ಬಳಿ ಅಳೆದರೆ ಬೇರೊಂದು ಉತ್ತರ ಸಿಗುತ್ತದೆ. ನಮ್ಮ ಕಾನೂನು, ಯೋಜನೆ, ಹಣ ಎಲ್ಲವೂ ಬಹುಕಾಲ ಮೊದಲನೆಯ ಉತ್ತರವನ್ನು ನಂಬಿ ನಡೆದಿವೆ. ಸಾಯುತ್ತಿರುವವರ ಲೆಕ್ಕ ಇರುವುದು ಎರಡನೆಯದರಲ್ಲಿ. ಈ ಉಪನ್ಯಾಸದ ಉದ್ದಕ್ಕೂ ನಾನು ಹೇಳಬಯಸುವುದು ಇದೊಂದೇ ಮಾತು.

ದೊಡ್ಡವರೊಬ್ಬರು ದಿನಕ್ಕೆ ಸುಮಾರು 20,000 ಸಲ ಉಸಿರಾಡುತ್ತಾರೆ. ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಶ್ವಾಸಕೋಶದ ಒಳಗೆ ಹೋಗಿ ಬರುತ್ತದೆ. ನೀರು ಕೆಟ್ಟಿದ್ದರೆ ಕುದಿಸಿ ಕುಡಿಯಬಹುದು, ಅನ್ನ ಹಳಸಿದ್ದರೆ ಚೆಲ್ಲಬಹುದು. ಉಸಿರಿನ ವಿಷಯದಲ್ಲಿ ಆ ಸ್ವಾತಂತ್ರ್ಯ ಯಾರಿಗೂ ಇಲ್ಲ. ಒಣಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಉಳಿದ ಒಂದರಲ್ಲಿ ಹೆಚ್ಚಿನದು ಆರ್ಗಾನ್. ನಾವು ಇಲ್ಲಿ ಚರ್ಚಿಸುವ ವಿಷಗಳ ಪ್ರಮಾಣ ಇದರಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಅದರಲ್ಲಿ 40 ಮೈಕ್ರೊಗ್ರಾಂ ಸೂಕ್ಷ್ಮ ಕಣಗಳಿದ್ದರೆ ಭಾರತದ ವಾರ್ಷಿಕ ಮಿತಿ ಮುಟ್ಟಿದಂತೆ. ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಅಲ್ಪವಾದದ್ದು ಇಷ್ಟು ಜನರನ್ನು ಹೇಗೆ ಕೊಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಣದ ಗಾತ್ರದಲ್ಲಿದೆ. ಅಲ್ಲಿಗೆ ಬರುತ್ತೇನೆ.

ಗಾಳಿಯನ್ನು ಕೆಡಿಸುವ ವಸ್ತುಗಳನ್ನು ಎರಡು ರೀತಿಯಲ್ಲಿ ವಿಂಗಡಿಸುವುದುಂಟು. ಅನಿಲಗಳು ಮತ್ತು ಕಣಗಳು ಎಂಬುದು ಒಂದು ವಿಂಗಡಣೆ. ಮೂಲದಿಂದ ನೇರವಾಗಿ ಬಂದವು, ಗಾಳಿಯಲ್ಲಿ ಒಂದರೊಡನೊಂದು ಕೂಡಿ ಆಮೇಲೆ ಹುಟ್ಟಿದವು ಎಂಬುದು ಇನ್ನೊಂದು. ಪರೀಕ್ಷೆಗೆ ಓದುವಾಗ ಈ ಎರಡನೆಯದನ್ನು ನಾವು ಬೇಗ ದಾಟಿಬಿಡುತ್ತೇವೆ. ತೊಡಕೆಲ್ಲ ಇರುವುದು ಅಲ್ಲೇ.

ಅನಿಲಗಳಲ್ಲಿ ತಕ್ಷಣ ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್. ಉರಿಗೆ ಸಾಕಷ್ಟು ಗಾಳಿ ಸಿಗದಾಗ ಅದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವೇ ಇಲ್ಲದಂತೆ ಮಾಡುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಸ್ನಾನಕ್ಕೆ ಹೋದವರು, ಚಳಿಯೆಂದು ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದವರು ಮತ್ತೆ ಏಳಲಿಲ್ಲ ಎಂಬ ಸುದ್ದಿ ಚಳಿಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅದನ್ನು ಅಪಘಾತದ ಪುಟದಲ್ಲಿ ಓದಿ ಮರೆಯುತ್ತೇವೆ. ಅದೂ ವಾಯುಮಾಲಿನ್ಯವೇ. ಉರಿದದ್ದು ಸಣ್ಣದು, ಗೀಸರಿನ ಒಂದು ಪುಟ್ಟ ಜ್ವಾಲೆ. ಆದರೆ ಅದರ ಹೊಗೆ ಹೋಗಲು ಮನುಷ್ಯನ ಮೂಗು ಬಿಟ್ಟು ಬೇರೆ ದಾರಿ ಇರಲಿಲ್ಲ.

ಕಲ್ಲಿದ್ದಲಿನ ಗಂಧಕ ಉರಿದಾಗ ಗಂಧಕದ ಡೈಆಕ್ಸೈಡ್ ಬರುತ್ತದೆ. ಎಂಜಿನ್ನಿನ ಹೆಚ್ಚಿನ ಶಾಖದಲ್ಲಿ ಗಾಳಿಯ ಸಾರಜನಕವೇ ಸುಟ್ಟು ಸಾರಜನಕದ ಆಕ್ಸೈಡುಗಳಾಗುತ್ತವೆ. ಪೆಟ್ರೋಲು, ಬಣ್ಣ, ದ್ರಾವಕಗಳಿಂದ ಆವಿಯಾಗುವ ಸಾವಯವ ವಸ್ತುಗಳಲ್ಲಿ ಬೆಂಜೀನಿನಂಥ ಕ್ಯಾನ್ಸರ್‌ಕಾರಕಗಳಿವೆ. ಇವೆಲ್ಲ ನೇರವಾಗಿ ಹೊರಬರುವಂಥವು. ಓಜೋನ್ ಹಾಗಲ್ಲ. ನೆಲಮಟ್ಟದ ಓಜೋನನ್ನು ಯಾವ ಕೊಳವೆಯೂ ಉಗುಳುವುದಿಲ್ಲ. 1940ರ ದಶಕದಲ್ಲಿ ಲಾಸ್ ಏಂಜಲೀಸಿನ ಜನರ ಕಣ್ಣು ಉರಿಯತೊಡಗಿತು, ಸುತ್ತಲಿನ ತೋಟಗಳ ಸೊಪ್ಪಿನ ಎಲೆಗಳು ಕಂದಿದವು. ಕಾರಣ ಯಾರಿಗೂ ತಿಳಿಯಲಿಲ್ಲ. ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತದೆಂದು ಸಂಶೋಧಿಸುತ್ತಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಅರಿ ಹಾಗೆನ್-ಸ್ಮಿಟ್, ಆ ಕೆಲಸ ಬದಿಗಿಟ್ಟು ಊರಿನ ಗಾಳಿಯನ್ನೇ ಪರೀಕ್ಷೆಗೆ ತೆಗೆದುಕೊಂಡರು. ವಾಹನಗಳ ಹೊಗೆಯಲ್ಲಿರುವ ಹೈಡ್ರೊಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನ್ ಆಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಊರಿನ ಗಾಳಿಯನ್ನು ಕೆಡಿಸುತ್ತಿದ್ದುದು ಜನರು ದಿನವೂ ಓಡಿಸುವ ಕಾರುಗಳೇ ಎಂದು ಆಗ ಗೊತ್ತಾಯಿತು. ಬಿಸಿಲು ಹೇರಳವಾಗಿರುವ ನಮ್ಮ ನಾಡಿಗೆ ಈ ಪಾಠ ಇನ್ನೂ ಹತ್ತಿರದ್ದು.

ಇನ್ನು ಕಣಗಳು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ಚಿಕ್ಕ ಕಣಗಳನ್ನು ಪಿಎಂ 10 ಎಂದೂ, ಎರಡೂವರೆ ಮೈಕ್ರಾನಿಗಿಂತ ಚಿಕ್ಕವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ರಸ್ತೆಯ ದೂಳು, ಗಣಿಯ ದೂಳು, ಸಿಮೆಂಟಿನ ಪುಡಿಯಲ್ಲಿ ದಪ್ಪ ಕಣಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಮೂಗಿನ ಕೂದಲಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿ ಸೀನಿನೊಂದಿಗೋ ಕಫದೊಂದಿಗೋ ಹೊರಬರುತ್ತವೆ. ಸುಡುವುದರಿಂದ ಹುಟ್ಟುವ ಕಣಗಳು ಇವುಗಳಿಗಿಂತ ಬಹಳ ಸಣ್ಣವು. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ದಾಟುತ್ತವೆ. ಕೆಮ್ಮಿ ಹೊರಹಾಕುವ ಉಪಾಯ ದೇಹಕ್ಕೆ ಅಲ್ಲಿ ಇಲ್ಲ. ಚಿಮಣಿಯಿಂದ ಅನಿಲವಾಗಿ ಹೊರಟದ್ದು ದಾರಿಯಲ್ಲಿ ಕಣವಾಗುವುದೂ ಉಂಟು: ಗಂಧಕದ ಡೈಆಕ್ಸೈಡ್, ಯೂರಿಯಾ ಹಾಕಿದ ಹೊಲದಿಂದಲೂ ಕೊಟ್ಟಿಗೆಯಿಂದಲೂ ಏಳುವ ಅಮೋನಿಯಾದೊಡನೆ ಕೂಡಿ ಅಮೋನಿಯಂ ಸಲ್ಫೇಟಿನ ಸೂಕ್ಷ್ಮ ಕಣವಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಹೀಗಾಗಿ ಒಂದು ಊರಿನ ಗಾಳಿಯನ್ನು ಆ ಊರಿನವರೇ ಕೆಡಿಸಿರಬೇಕೆಂದಿಲ್ಲ.

1952ರ ಡಿಸೆಂಬರ್ 5ರಿಂದ ಐದು ದಿನ ಲಂಡನ್ ನಗರದ ಮೇಲೆ ಹೊಗೆಮಂಜು ಕವಿಯಿತು. ನೆಲದ ಬಳಿಯ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿತ್ತು. ಗಾಳಿ ಬೀಸಲಿಲ್ಲ. ಜಾನುವಾರು ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರು ಕಟ್ಟಿ ಬಿದ್ದಾಗ ಪತ್ರಿಕೆಗಳು ಅದನ್ನು ಬರೆದವು. ಮನೆಗಳಲ್ಲಿ ಮುದುಕರೂ ಹಸುಗೂಸುಗಳೂ ಸಾಯುತ್ತಿದ್ದುದು ಸಾವಿನ ನೋಂದಣಿಗಳನ್ನು ಕೂಡಿಸಿದ ಮೇಲಷ್ಟೇ ತಿಳಿಯಿತು. ಆಗಿನ ಅಂದಾಜು 4,000 ಸಾವು. ಮುಂದಿನ ತಿಂಗಳುಗಳನ್ನೂ ಸೇರಿಸಿ ಲೆಕ್ಕ ಹಾಕಿದ ಈಚಿನ ಸಂಶೋಧಕರು ಅದನ್ನು 12,000ದ ಹತ್ತಿರಕ್ಕೆ ಒಯ್ದಿದ್ದಾರೆ. ಆ ಹೊಗೆಯಲ್ಲಿ ವಿದ್ಯುತ್ ಸ್ಥಾವರಗಳ ಪಾಲೂ ಇತ್ತು. ಆದರೆ ತಗ್ಗಿನಲ್ಲಿ, ಜನರ ಉಸಿರಿನ ಮಟ್ಟದಲ್ಲಿ ನಿಂತದ್ದು ಮುಖ್ಯವಾಗಿ ಲಕ್ಷಾಂತರ ಮನೆಗಳ ಕಲ್ಲಿದ್ದಲ ಒಲೆಗಳ ಹೊಗೆ. 1956ರ ಶುದ್ಧ ಗಾಳಿ ಕಾಯಿದೆ ಕೈಹಾಕಿದ್ದು ಆ ಮನೆಯ ಒಲೆಗೇ. ಹೊಗೆಯಿಲ್ಲದ ವಲಯಗಳನ್ನು ಗುರುತಿಸಿ, ಒಲೆ ಬದಲಿಸುವ ಖರ್ಚಿನ ಬಹುಪಾಲನ್ನು ಸರ್ಕಾರ ಮತ್ತು ನಗರಾಡಳಿತಗಳು ಭರಿಸಿದವು. ಎಷ್ಟೋ ಪುಸ್ತಕಗಳು ಸಾವಿನ ಅಂಕಿಯನ್ನು ಹೇಳಿ ಈ ಭಾಗವನ್ನು ಬಿಟ್ಟುಬಿಡುತ್ತವೆ. ಬಡವನ ಒಲೆ ಊರಿನ ಗಾಳಿಯನ್ನು ಕೆಡಿಸುತ್ತಿದ್ದರೆ ಅದನ್ನು ಬದಲಿಸುವ ವೆಚ್ಚ ಊರಿನದು ಎಂದು ಒಂದು ದೇಶ ಕಾನೂನಿನಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ.

ಅದೇ ಯುರೋಪಿನಲ್ಲಿ ಕಾರ್ಖಾನೆಗಳ ಹೊಗೆಗೆ ಕಂಡುಕೊಂಡ ಪರಿಹಾರ ಚಿಮಣಿಯನ್ನು ಎತ್ತರಿಸುವುದು. ಹತ್ತಿರದವರಿಗೆ ನಿರಾಳವಾಯಿತು, ಗಂಧಕ ಸಮುದ್ರ ದಾಟಿ ಸ್ವೀಡನ್, ನಾರ್ವೆಗಳ ಕೆರೆಗಳಲ್ಲಿ ಆಮ್ಲಮಳೆಯಾಗಿ ಸುರಿದು ಮೀನುಗಳನ್ನು ಕೊಂದಿತು.

ನಮ್ಮ ನಾಡಿಗೆ ಬರೋಣ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ನಾಡಿನ ಎಷ್ಟೋ ಮನೆಗಳ ದೀಪ ಅದರಿಂದ ಬೆಳಗಿದೆ, ಆ ಋಣ ದೊಡ್ಡದು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಬಹಳ. ನೂರು ಕಿಲೋ ಸುಟ್ಟರೆ ಮೂವತ್ತು ನಲವತ್ತು ಕಿಲೋ ಬೂದಿಯೇ ಉಳಿಯುತ್ತದೆ. ಹಾರುಬೂದಿಯ ಹೆಚ್ಚಿನ ಪಾಲನ್ನು ಹಿಡಿಯುವ ಯಂತ್ರಗಳು ಇಂಥ ಸ್ಥಾವರಗಳಲ್ಲಿ ಇವೆ. ಗಂಧಕದ ಅನಿಲವನ್ನು ಹಿಡಿಯುವ ಯಂತ್ರಗಳ ಕತೆ ಬೇರೆ. ದೇಶದ ಎಲ್ಲ ಉಷ್ಣ ಸ್ಥಾವರಗಳಿಗೂ ಅನ್ವಯಿಸುವ ಹೊರಸೂಸುವಿಕೆಯ ಮಿತಿಗಳನ್ನು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ಪ್ರಕಟಿಸಿ, ಎರಡು ವರ್ಷದ ಗಡುವು ಕೊಟ್ಟಿತು. ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ, 2025ರ ಜುಲೈಯಲ್ಲಿ ಗಂಧಕದ ಯಂತ್ರದಿಂದ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಡಲಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸುತ್ತಲಿನ ಗಾಳಿಯಲ್ಲಿ ಅದರ ಮಟ್ಟವೂ ಕಡಿಮೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ಆ ಅನಿಲ ಕಣವಾಗಿ ಬದಲಾಗಿ ದೂರದಲ್ಲಿ ಇಳಿಯುತ್ತದೆ ಎಂದು ಗೊತ್ತಿದ್ದೂ ಮೂಲದ ಸುತ್ತಮುತ್ತ ಮಾತ್ರ ಅಳೆದು ನಿರ್ಧರಿಸುವುದು ಸರಿಯಲ್ಲವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಬಳ್ಳಾರಿ, ಸಂಡೂರು, ಹೊಸಪೇಟೆಯ ಕಡೆಯವರು ಈ ಸಭೆಯಲ್ಲಿದ್ದರೆ ಕೆಂಪು ದೂಳಿನ ವರ್ಷಗಳನ್ನು ಅವರಿಗೆ ನೆನಪಿಸಬೇಕಾಗಿಲ್ಲ. ಅದಿರು ತುಂಬಿದ ಲಾರಿಗಳ ಸಾಲು ಹಗಲುರಾತ್ರಿ ಓಡಿ, ದಾರಿಬದಿಯ ಬೆಳೆ, ಗಿಡಮರ, ಮನೆಯ ಮಾಡು, ಶಾಲೆಯ ಗೋಡೆ ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ದೂಳು ಇಳಿಯಿತು. ದೂಳು ಎಲೆಯ ಮೇಲೆ ಕೂತರೆ ಅದರ ರಂಧ್ರಗಳು ಮುಚ್ಚುತ್ತವೆ, ಬೆಳಕು ತಲುಪುವುದಿಲ್ಲ, ಇಳುವರಿ ಕುಸಿಯುತ್ತದೆ. ರೈತನ ಈ ನಷ್ಟವನ್ನು ವಾಯುಮಾಲಿನ್ಯದ ಪರಿಣಾಮವೆಂದು ಬರೆದಿಡುವ ವ್ಯವಸ್ಥೆ ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿಲ್ಲ.

ಬೆಂಗಳೂರಿಗೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ವರವಿದೆ, ಗಾಳಿ ಬೀಸುತ್ತದೆ, ದೆಹಲಿಯಂತೆ ಹೊಗೆ ವಾರಗಟ್ಟಲೆ ನಿಲ್ಲುವುದಿಲ್ಲ. ಆದರೂ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಈಚಿನ ವರ್ಷಗಳಲ್ಲಿ ಘನ ಮೀಟರಿಗೆ 30 ಮೈಕ್ರೊಗ್ರಾಮಿನ ಆಸುಪಾಸಿನಲ್ಲಿದೆ. 40ರ ಒಳಗಿರುವುದರಿಂದ ಕಾನೂನಿನ ಕಣ್ಣಿಗೆ ಇದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ 5. ಅದರಂತೆ ನೋಡಿದರೆ ಆರು ಪಟ್ಟು. ದೇಶದ ಆರು ನಗರಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿಸಿದ ಮೂಲಗಳ ಅಧ್ಯಯನದಲ್ಲಿ ಬೆಂಗಳೂರಿನ ಪಿಎಂ 10ರ ಅರ್ಧಕ್ಕಿಂತ ಹೆಚ್ಚು ಪಾಲು ವಾಹನಗಳ ಹೊಗೆ ಮತ್ತು ರಸ್ತೆಯ ದೂಳಿನಿಂದ ಬಂದದ್ದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡ ಇಂಧನದ ಗಂಧಕವನ್ನು ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಸಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಅದರ ಫಲ ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಸಂಚಾರ ಪೊಲೀಸರಿಗೆ, ಆಟೋ ಓಡಿಸುವವರಿಗೆ, ಫುಟ್‌ಪಾತಿನಲ್ಲಿ ಹೂ ಕಟ್ಟಿ ಮಾರುವವರಿಗೆ ತಲುಪಬೇಕಾದರೆ ಹಳೆಯ ಡೀಸೆಲ್ ವಾಹನಗಳು ರಸ್ತೆಯಿಂದ ಇಳಿಯಬೇಕು, ಬಸ್ಸುಗಳು ಹೆಚ್ಚಬೇಕು.

ಬೆಳಗಿನ ಜಾವ ರಸ್ತೆಬದಿಯಲ್ಲಿ ಗುಡಿಸಿ ಗುಡ್ಡೆ ಹಾಕಿದ ತರಗೆಲೆಗೆ, ಅದರಲ್ಲಿ ಬೆರೆತ ಪ್ಲಾಸ್ಟಿಕ್ಕಿಗೆ ಬೆಂಕಿ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು 2016ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದೆ. ಮುಂಜಾನೆ ನೆಲದ ಗಾಳಿ ತಣ್ಣಗಿದ್ದು ಮೇಲೇಳದ ಹೊತ್ತು; ಆ ಹೊಗೆ ಅಲ್ಲೇ ಸುಳಿದು ಮೊದಲು ಸೇರುವುದು ಕಸ ಗುಡಿಸಿದವರ ಎದೆಯನ್ನು. ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಲ್ಲಿ ಕಟಾವಾದ ಮೇಲೆ ರವದಿಗೆ ಹಚ್ಚುವ ಬೆಂಕಿಯದೂ ಇದೇ ಬಗೆ. ರವದಿಯನ್ನು ಸಾಲಿನ ನಡುವೆ ಮುಚ್ಚಿಗೆಯಾಗಿ ಬಿಟ್ಟರೆ ತೇವ ಉಳಿದು ಮಣ್ಣಿಗೆ ಗೊಬ್ಬರವಾಗುತ್ತದೆಂದು ಅನುಭವಸ್ಥ ರೈತರೇ ಹೇಳುತ್ತಾರೆ.

ದಾವಣಗೆರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಧ್ಯ ಕರ್ನಾಟಕದ ಸಂಜೆಯ ತಿಂಡಿ ಮಿರ್ಚಿ ಮಂಡಕ್ಕಿ. ಆ ಮಂಡಕ್ಕಿ ಬರುವುದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಎಂದೇ ಹೆಸರಾದ ಬಡಾವಣೆಯ ನೂರಾರು ಭಟ್ಟಿಗಳಿಂದ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಹುರಿದರೆ ಅರಳುತ್ತದೆ. ಇಷ್ಟಕ್ಕೂ ಬೆಂಕಿ ಬೇಕು. ಭತ್ತದ ಹೊಟ್ಟು, ಸೌದೆ, ಜೊತೆಗೆ ಅಗ್ಗವೆಂದು ಹಳೆಯ ಟೈರು ಸುಡುವ ದೂರು ಪತ್ರಿಕೆಗಳಲ್ಲಿ ಬಹಳ ಸಲ ಬಂದಿದೆ. ಟೈರಿನ ಹೊಗೆಯಲ್ಲಿ ಮಸಿಯೊಂದಿಗೆ ಗಂಧಕವೂ ಬೆಂಜೀನೂ ಇರುತ್ತವೆ. ಭಟ್ಟಿಯೂ ಮನೆಯೂ ಹಲವೆಡೆ ಒಂದೇ ಸೂರಿನ ಕೆಳಗೆ. ಹುರಿಯುವವರೂ, ಮೂಟೆ ಕಟ್ಟುವವರೂ, ಮಲಗಿದ ಮಗುವೂ ಅದೇ ಗಾಳಿಯಲ್ಲಿ. ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ಬೆಂಗಳೂರು ಇವು ಕರ್ನಾಟಕದಲ್ಲಿ ಗಾಳಿಯ ಮಾನದಂಡ ಮುಟ್ಟದ ನಗರಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ನಗರದ ಸರಾಸರಿ ಅಂಕಿಯಲ್ಲಿ ಭಟ್ಟಿಯ ಓಣಿ ಕರಗಿಹೋಗುತ್ತದೆ. ಆ ಓಣಿಯಲ್ಲಿ ಹುಟ್ಟಿದ ಮಗು ಉಸಿರಾಡುವುದು ಸರಾಸರಿಯನ್ನಲ್ಲ.

ಇದಕ್ಕಿಂತ ಹಳೆಯ, ಇದಕ್ಕಿಂತ ವ್ಯಾಪಕವಾದ ಮೂಲ ನಮ್ಮ ಅಡುಗೆಮನೆ. ಈ ಸಭೆಯಲ್ಲಿ ಐವತ್ತು ದಾಟಿದವರೆಲ್ಲ ಕಂಡಿರುವ ಅಡುಗೆಮನೆ ಅದು: ಮಸಿ ಹಿಡಿದ ತೊಲೆ, ಸೂರಿನಿಂದ ಜೋತುಬಿದ್ದ ಇಲ್ಲಣ, ಊದುಕೊಳವೆ ಹಿಡಿದು ಹಸಿ ಸೌದೆಗೆ ಉಸಿರು ಕೊಡುವ ಅಮ್ಮ, ಮಗ್ಗುಲಲ್ಲಿ ಅಥವಾ ತೊಡೆಯ ಮೇಲೆ ಕೂಸು. ಒಂದು ಕಡೆ ಸೌದೆ, ಬೆರಣಿ; ಬಯಲುಸೀಮೆಯ ಬಡಗಣದಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು; ಕರಾವಳಿಯಲ್ಲಿ ತೆಂಗಿನ ಮಡಲು. ಬೇರೆ ಬೇರೆ ಉರುವಲು, ಹೊಗೆ ಒಂದೇ. ಇದನ್ನು ಮಾಲಿನ್ಯವೆಂದು ಯಾರೂ ಕರೆದಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಸಣ್ಣ ಮಾಪಕ ಕಟ್ಟಿ ಅವರು ಉಸಿರಾಡುವ ಗಾಳಿಯನ್ನು ಅಳೆದರು. ಯಾವ ಕೈಗಾರಿಕಾ ನಗರದ ಮಾಪನ ಕೇಂದ್ರವೂ ತೋರಿಸದಷ್ಟು ಕಣಗಳು ಅಲ್ಲಿ ಸಿಕ್ಕವು. ಮನೆಯೊಳಗೆ ಹೊರಬಿಟ್ಟ ಒಂದು ಗ್ರಾಂ ಮಾಲಿನ್ಯ ಮನುಷ್ಯನ ಶ್ವಾಸಕೋಶ ಸೇರುವ ಸಾಧ್ಯತೆ ಹೊರಗೆ ಬಿಟ್ಟದ್ದಕ್ಕಿಂತ ಸುಮಾರು ಸಾವಿರ ಪಟ್ಟು ಎಂದು ಅವರು ಆಮೇಲೆ ಹೇಳುತ್ತಿದ್ದರು. ನನ್ನ ಈ ಉಪನ್ಯಾಸದ ಬೇರು ಅವರ ಆ ಮಾತಿನಲ್ಲಿದೆ. ಕೋಣೆಯಲ್ಲಿ ಹಚ್ಚಿಟ್ಟು ಮಲಗುವ ಒಂದು ಸೊಳ್ಳೆಬತ್ತಿಯಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟಕ್ಕೆ ಸಮ ಎಂದು 2003ರ ಒಂದು ಅಧ್ಯಯನ ಅಳೆದು ತೋರಿಸಿತು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಅಷ್ಟೂ ಯಾರ ಪಾಲಿಗೆ ಹೋಗುತ್ತದೆಂದು ಯೋಚಿಸಿ.

ಒಲೆಯ ಹೊಗೆಗೆ ಕರ್ನಾಟಕ ಕಂಡುಕೊಂಡ ಉತ್ತರವೊಂದಿದೆ, ಅದರ ಬಗ್ಗೆ ನನಗೆ ಹೆಮ್ಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಗುಂಪು ಹುಟ್ಟಿತು. ಅವರು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಬೀಡುಬಿಟ್ಟು, ಪಕ್ಕದ ಪುರ ಮುಂತಾದ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಹೊರುತ್ತಾರೆ, ಎಷ್ಟು ಉರಿಸುತ್ತಾರೆ ಎಂದು ಮನೆಮನೆಯ ಲೆಕ್ಕ ತೆಗೆದರು. ಆ ಲೆಕ್ಕದಿಂದ ಹುಟ್ಟಿದ್ದು ಅಸ್ತ್ರ ಒಲೆ: ಮಣ್ಣಿನದೇ, ಮೂರು ಪಾತ್ರೆ ಕೂರುವಂಥದ್ದು, ಉರಿಯ ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆಕೊಳವೆ. ಸೌದೆಯ ಖರ್ಚು ಅರ್ಧದ ಹತ್ತಿರಕ್ಕೆ ಇಳಿಯಿತು, ಹೊಗೆ ಮಾಡಿನ ಮೇಲೆ ಹೋಯಿತು. 80ರ ದಶಕದಲ್ಲಿ ರಾಜ್ಯದ ಉದ್ದಗಲ ಲಕ್ಷಗಟ್ಟಲೆ ಒಲೆಗಳನ್ನು ಕಟ್ಟಲಾಯಿತು.

ಆಮೇಲೆ ಏನಾಯಿತೆಂದು ಪ್ರಾಮಾಣಿಕವಾಗಿ ಹೇಳಬೇಕು. ತರಬೇತಾದ ಕೈಗಳು ಕಟ್ಟಿದ ಒಲೆ ನಿಂತಿತು, ಗುರಿ ಮುಟ್ಟಿಸಲು ಅವಸರದಲ್ಲಿ ಕಟ್ಟಿದ್ದು ಬಿರುಕುಬಿಟ್ಟಿತು. ಕೊಳವೆಯ ಮಸಿ ತೆಗೆಯುವವರಿಲ್ಲದೆ ಹೊಗೆ ಮತ್ತೆ ಒಳಗೇ ತಿರುಗಿತು. ದೇಶದ ಮಟ್ಟದ ಸುಧಾರಿತ ಒಲೆ ಯೋಜನೆ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತುಹೋಯಿತು. ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸುಧಾರಿತ ಒಲೆ ಕೊಟ್ಟ ಮನೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲ ವರ್ಷ ಇಳಿದಿದ್ದ ಹೊಗೆ ಆಮೇಲೆ ಮೊದಲಿನಷ್ಟೇ ಆಗಿತ್ತು. ದುರಸ್ತಿ ಆಗಿರಲಿಲ್ಲ, ಬಳಕೆ ತಪ್ಪಿತ್ತು. ಒಲೆ ಒಮ್ಮೆ ಕೊಟ್ಟು ಮುಗಿಸುವ ವಸ್ತುವಲ್ಲ. ಬೋರ್‌ವೆಲ್ಲಿನಂತೆ ಅದಕ್ಕೂ ನಿರ್ವಹಣೆ ಬೇಕು.

2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡ ಹೆಂಗಸರ ಹೆಸರಿನಲ್ಲಿ ಗ್ಯಾಸ್ ಸಂಪರ್ಕ ಕೊಟ್ಟು ಚಿತ್ರವನ್ನೇ ಬದಲಿಸಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದ ಶೇ 58.6ರಷ್ಟು ಮನೆಗಳು ಶುದ್ಧ ಇಂಧನಕ್ಕೆ ಬಂದಿದ್ದವು. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 43.8. ಹಳ್ಳಿಗಳನ್ನಷ್ಟೇ ನೋಡಿದರೆ ಅರ್ಧಕ್ಕೂ ಕಡಿಮೆ. ಉಜ್ವಲಾ ಸಂಪರ್ಕ ಇದ್ದವರೂ ವರ್ಷಕ್ಕೆ ಸರಾಸರಿ ನಾಲ್ಕರ ಆಸುಪಾಸು ಸಿಲಿಂಡರ್ ಮಾತ್ರ ತುಂಬಿಸುತ್ತಾರೆ. ಒಂದು ಸಂಸಾರಕ್ಕೆ ಅದು ಸಾಲದು. ಚಹಾ, ಸಾರು ಗ್ಯಾಸಿನ ಮೇಲೆ. ಮುದ್ದೆ ತೊಳಸಲು, ರೊಟ್ಟಿ ಬಡಿದು ಬೇಯಿಸಲು, ಹಂಡೆಯ ನೀರು ಕಾಯಿಸಲು ಸೌದೆ. ಇದನ್ನು ಹೆಂಗಸರ ಹಟವೆಂದು ಹೇಳುವವರಿದ್ದಾರೆ. ಕೂಲಿಯ ದುಡ್ಡು ಕೈಗೆ ಬರುವುದು ವಾರಕ್ಕೆ, ಸಿಲಿಂಡರಿಗೆ ಕೊಡಬೇಕಾದ್ದು ಒಂದೇ ಸಲಕ್ಕೆ. ಬೇಲಿಯ ಮುಳ್ಳುಕಂಟಿಗೆ ಯಾರೂ ದುಡ್ಡು ಕೇಳುವುದಿಲ್ಲ. ಹಟ ಎಲ್ಲಿಂದ ಬಂತು?

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ತಮಿಳುನಾಡಿನ ಹಳ್ಳಿಗಳೂ ಸೇರಿ ನಾಲ್ಕು ದೇಶಗಳಲ್ಲಿ 3,200 ಗರ್ಭಿಣಿಯರ ಅಧ್ಯಯನವೊಂದು ನಡೆಯಿತು. ಅರ್ಧ ಜನರಿಗೆ ಗ್ಯಾಸ್ ಒಲೆಯನ್ನೂ ಇಂಧನವನ್ನೂ ಪುಕ್ಕಟೆಯಾಗಿ ಕೊಟ್ಟರು. ಅವರು ಉಸಿರಾಡಿದ ಸೂಕ್ಷ್ಮ ಕಣಗಳ ಮಟ್ಟ ಘನ ಮೀಟರಿಗೆ 24 ಮೈಕ್ರೊಗ್ರಾಮಿಗೆ ಇಳಿಯಿತು. ಸೌದೆ ಒಲೆಯವರದು 70ರ ಮೇಲಿತ್ತು. ಆದರೆ 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹುಟ್ಟಿದ ಮಕ್ಕಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಹೊಗೆ ಅಪಾಯಕಾರಿಯಲ್ಲವೇ? ನಾನು ಓದುವುದು ಹೀಗೆ: ಗ್ಯಾಸ್ ಬಂದದ್ದು ಗರ್ಭ ನಿಂತು ವಾರಗಳು ಕಳೆದ ಮೇಲೆ, ತಾಯಿ ಅದಕ್ಕೆ ಮೊದಲು ಕುಡಿದ ಹೊಗೆ ವರ್ಷಗಳದ್ದು, 24 ಎಂಬುದೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಸುಮಾರು ಐದು ಪಟ್ಟು. ಒಂದು ಮನೆಯ ಒಲೆ ಬದಲಾದರೆ ಸಾಲದು, ಕೇರಿಯೇ ಬದಲಾಗಬೇಕು. ಏಕೆಂದರೆ ನೆರೆಮನೆಯ ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ. 2015ರ ಲೆಕ್ಕದಂತೆ ಭಾರತದ ಹೊರಗಾಳಿಯ ಸೂಕ್ಷ್ಮ ಕಣಗಳ ಅತಿದೊಡ್ಡ ಏಕೈಕ ಮೂಲ ಮನೆಗಳಲ್ಲಿ ಸುಡುವ ಸೌದೆ, ಬೆರಣಿ, ಕೃಷಿತ್ಯಾಜ್ಯವೇ. ಕಲ್ಲಿದ್ದಲು ಅದರ ನಂತರ. ಒಲೆಯ ಮಸಿ ಊರೂ ದಾಟುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್ 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಕಂದು ಮೋಡ ಹರಡಿರುವುದನ್ನು ಬೇರೆ ವಿಜ್ಞಾನಿಗಳೊಡನೆ ಸೇರಿ ಪತ್ತೆಹಚ್ಚಿದರು. ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುವ ಆ ಮಸಿಯಲ್ಲಿ ನಮ್ಮ ಒಲೆಗಳ ಪಾಲೂ ಇದೆ.

ಇನ್ನು ದೇಹದ ಮಾತು. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ 2019ರಲ್ಲಿ ಭಾರತದ 16.7 ಲಕ್ಷ ಸಾವುಗಳಿಗೆ ವಾಯುಮಾಲಿನ್ಯ ಕಾರಣ. ಒಟ್ಟು ಸಾವಿನಲ್ಲಿ ಶೇ 17.8. ಹೊರಗಿನ ಸೂಕ್ಷ್ಮ ಕಣಗಳಿಂದ 9.8 ಲಕ್ಷ, ಮನೆಯೊಳಗಿನ ಹೊಗೆಯಿಂದ 6.1 ಲಕ್ಷ. 1990ರಿಂದೀಚೆಗೆ ಮನೆಯ ಹೊಗೆಯ ಸಾವಿನ ದರ ಶೇ 64ರಷ್ಟು ಇಳಿದಿದೆ, ಹೊರಗಾಳಿಯದು ಎರಡು ಪಟ್ಟಿಗೂ ಮೀರಿ ಏರಿದೆ. ಗಾಳಿ ಕೆಟ್ಟರೆ ಉಬ್ಬಸ, ಕೆಮ್ಮು ಎಂದು ನಾವು ಭಾವಿಸುತ್ತೇವೆ. ರಕ್ತಕ್ಕೆ ಇಳಿದ ಕಣಗಳು ನಾಳಗಳಲ್ಲಿ ಉರಿಯೂತ ಹುಟ್ಟಿಸುವುದರಿಂದ ಹೃದಯಾಘಾತ, ಪಾರ್ಶ್ವವಾಯುಗಳಿಗೂ ಇದು ದೊಡ್ಡ ಕಾರಣ. ಬೀಡಿ ಸಿಗರೇಟು ಮುಟ್ಟದ ಹಳ್ಳಿಯ ಹೆಂಗಸರಲ್ಲಿ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಕಣ್ಣಿನ ಪೊರೆ; ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ. ಹೊರಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2013ರಲ್ಲಿ ಘೋಷಿಸಿತು. ಮರಣ ಪ್ರಮಾಣಪತ್ರದಲ್ಲಿ ಹೃದಯಾಘಾತ ಎಂದಿರುತ್ತದೆ, ಹೊಗೆ ಎಂದು ಯಾರೂ ಬರೆಯುವುದಿಲ್ಲ.

ಇಷ್ಟಾದರೂ ಗೆದ್ದ ಒಂದು ಯುದ್ಧವಿದೆ. ಎಂಜಿನ್ ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ದಶಕಗಳ ಕಾಲ ಸೀಸ ಬೆರೆಸಲಾಗುತ್ತಿತ್ತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸೇರಿ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿ 1999ರಲ್ಲಿ ವರದಿ ಕೊಟ್ಟರು: ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಆಗಿನ ಎಚ್ಚರಿಕೆಯ ಮಟ್ಟವನ್ನು ಮೀರಿತ್ತು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂತು. ಇಲ್ಲಿ ಅಳತೆ ನಡೆದದ್ದು ಸೈಲೆನ್ಸರಿನ ತುದಿಯಲ್ಲಲ್ಲ, ಮಗುವಿನ ರಕ್ತದಲ್ಲಿ. ಆ ಅಂಕಿಯ ಮುಂದೆ ವಾದ ಮಾಡುವುದು ಯಾರಿಗೂ ಸುಲಭವಿರಲಿಲ್ಲ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಈ ಕಣ್ಣಿನಿಂದ ನೋಡಿ. ನಗರಗಳ ಪ್ರಗತಿಯನ್ನು ಅದು ಅಳೆಯುವುದು ಮುಖ್ಯವಾಗಿ ಪಿಎಂ 10ರಿಂದ. ಹಾಗಾಗಿ ದೂಳು ಗುಡಿಸಿದರೆ ಅಂಕ ಸಿಗುತ್ತದೆ. ವೆಚ್ಚದ ಶೇ 64ರಷ್ಟು ರಸ್ತೆಯ ದೂಳಿನ ಕೆಲಸಗಳಿಗೇ ಹೋಗಿದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಗುಡಿಸುವ ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಗಾಳಿಗೂಡಿಗೆ ಇಳಿಯುವುದು ಸುಡುವುದರಿಂದ ಹುಟ್ಟಿದ ಕಣ; ಹಣ ಸುಡುವ ಜಾಗಕ್ಕೆ ಹೋಗಬೇಕು. ದಾವಣಗೆರೆಯ ಭಟ್ಟಿಗಳಿಗೆ ನೋಟಿಸು ಕೊಟ್ಟು ಮುಚ್ಚಿಸಿದರೆ ಸಾವಿರಾರು ಜನರ ಅನ್ನ ಹೋಗುತ್ತದೆ. 1956ರಲ್ಲಿ ಬ್ರಿಟನ್ ಒಲೆಗಳಿಗೆ ಮಾಡಿದಂತೆ, ಭಟ್ಟಿಯ ಉರಿಯನ್ನು ಬದಲಿಸುವ ವೆಚ್ಚವನ್ನು ಈ ಕಾರ್ಯಕ್ರಮದ ಹಣವೇ ಹೊರಲಿ. ನಗರದ ಗಾಳಿ ಅಳೆಯುವ ಒಂದು ಯಂತ್ರ ಆ ಓಣಿಯೊಳಗೂ ನಿಲ್ಲಲಿ. ಸಿಲಿಂಡರಿನ ಸಹಾಯಧನ ಸಂಪರ್ಕದ ಸಂಖ್ಯೆಯ ಮೇಲೆ ತೃಪ್ತಿಪಡದೆ, ಕಡಿಮೆ ತುಂಬಿಸುವ ಮನೆಯನ್ನು ಹುಡುಕಿ ಹೋಗಲಿ. ಐದು ಕಿಲೋದ ಸಣ್ಣ ಸಿಲಿಂಡರು ವಾರದ ಕೂಲಿಗೆ ಎಟಕುವ ಬೆಲೆಗೆ ಹಳ್ಳಿಯ ಅಂಗಡಿಯಲ್ಲೇ ಸಿಗಲಿ.

ವೈದ್ಯ ಮಿತ್ರರಲ್ಲಿ ಒಂದು ಕೋರಿಕೆಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೆಮ್ಮು, ದಮ್ಮು ಎಂದು ಬರುವ ಗಂಡಸಿಗೆ ಬೀಡಿ ಸೇದುತ್ತೀಯಾ ಎಂದು ಕೇಳುತ್ತೀರಿ. ಹೆಂಗಸು ಬಂದಾಗ, ಮನೆಯಲ್ಲಿ ಯಾವ ಒಲೆ, ದಿನಕ್ಕೆ ಎಷ್ಟು ಹೊತ್ತು ಅದರ ಮುಂದೆ ಕೂರುತ್ತೀಯಮ್ಮ, ಸ್ನಾನದ ನೀರು ಯಾವುದರಲ್ಲಿ ಕಾಯಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಯಿರಿ. ನ್ಯುಮೋನಿಯಾ ಆದ ಕೂಸಿನ ಚೀಟಿಯಲ್ಲೂ ಬರೆಯಿರಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ, ಯಾವ ಅಡುಗೆಮನೆಗೆ ಕಿಟಕಿಯಿಲ್ಲ ಎಂಬುದು ಅವರಿಗೆ ಗೊತ್ತು. ಅವರ ವಹಿಯಲ್ಲೂ ಇದಕ್ಕೊಂದು ಅಂಕಣ ಇರಲಿ. ಒಂದು ತಾಲೂಕಿನ ಇಂಥ ಚೀಟಿಗಳನ್ನು ವರ್ಷದ ಕೊನೆಯಲ್ಲಿ ಕೂಡಿಸಿದರೆ, ಯಾವ ಕೇರಿಗೆ ಮೊದಲು ಸಿಲಿಂಡರು ಹೋಗಬೇಕು, ಯಾವ ಓಣಿಯ ಭಟ್ಟಿಯ ಉರಿ ಮೊದಲು ಬದಲಾಗಬೇಕು ಎಂಬುದನ್ನು ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಊಹಿಸಿ ಹೇಳಬೇಕಾಗಿಲ್ಲ. ಇದಕ್ಕೆ ಯಾವ ಯಂತ್ರವನ್ನೂ ಕೊಳ್ಳಬೇಕಾಗಿಲ್ಲ, ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ನಾಳೆಯ ಹೊರರೋಗಿ ವಿಭಾಗದಲ್ಲೇ ಶುರುಮಾಡಬಹುದು.